ಚಿತ್ರಪುಸ್ತಕದ ಅಂಗಡಿ ಮುಚ್ಚಿದ ಮೇಲೆ

ಊರಿನಲ್ಲಿ ಒಂದು ಅಂಗಡಿ ಮುಚ್ಚಿದರೆ ಎಲ್ಲರಿಗೂ ತಿಳಿಯುತ್ತದೆ. ಬಾಗಿಲಿಗೆ ಹಲಗೆ ಬೀಳುತ್ತದೆ, ಹಲಗೆಗೆ ಬೀಗ ಬೀಳುತ್ತದೆ. ದಾರಿಯಲ್ಲಿ ಹೋಗುವವರು “ಪಾಪ, ಏನಾಯಿತೋ” ಎಂದು ನಿಂತು ವಿಚಾರಿಸುತ್ತಾರೆ. ಅಂತರಜಾಲದಲ್ಲಿದ್ದ ಅಂಗಡಿ ಮುಚ್ಚಿದರೆ ಹಾಗಲ್ಲ. ಒಂದು ಓಲೆ ಬರುತ್ತದೆ. ಅದೂ ಇನ್ನೂರು ಜಾಹೀರಾತುಗಳ ನಡುವೆ. ಇಂಥ ದಿನದವರೆಗೆ ಬೇಡಿಕೆ ಸ್ವೀಕರಿಸುತ್ತೇವೆ, ಆ ಮೇಲೆ ಇಲ್ಲ, ಇಷ್ಟು ವರ್ಷ ನಮ್ಮೊಡನೆ ಇದ್ದುದಕ್ಕೆ ವಂದನೆಗಳು ಎಂದು ನಾಲ್ಕು ಸಾಲು. ಅಷ್ಟೆ. ಗಾಜುವಾಕದ ನಾವು ಕೆಲವು ಕನ್ನಡ ಮನೆಗಳವರು ಇಂಥ ಓಲೆಯೊಂದನ್ನು 2018ರಲ್ಲಿ ಕಂಡೆವು. ನಮ್ಮ ನಮ್ಮ ಮನೆಯ ಛಾಯಾಚಿತ್ರಗಳನ್ನು ಪುಸ್ತಕವಾಗಿ ಅಚ್ಚುಹಾಕಿ ರಟ್ಟುಕಟ್ಟಿ ಕಳಿಸುತ್ತಿದ್ದ ಸೇವೆ ಆ ವರ್ಷ ನಿಂತುಹೋಯಿತು. ಅದರ ಹೆಸರನ್ನು ಹೇಳಿ ದೂರುವ ಉದ್ದೇಶ ನಮಗಿಲ್ಲ. ಈ ಗತಿ ಅದೊಂದಕ್ಕೇ ಬಂದುದೂ ಅಲ್ಲ.

ನಾವು ಆ ಸೇವೆಗೆ ಹೇಗೆ ಒಲಿದೆವೆಂಬುದನ್ನು ಮೊದಲು ಹೇಳಬೇಕು. ನಮ್ಮಲ್ಲಿ ಹೆಚ್ಚಿನವರು ಈ ಕಡಲತಡಿಗೆ ಬಂದುದು ಉದ್ಯೋಗದ ನಿಮಿತ್ತ. ಹಡಗು ಕಟ್ಟುವ ಕಾರ್ಖಾನೆಗೆ ಬಂದವರು ಕೆಲವರು. ಉಕ್ಕಿನ ಕಾರ್ಖಾನೆ ಏಳುತ್ತಿದ್ದ 1980ರ ದಶಕದಲ್ಲಿ ಬಂದವರು ಹಲವರು. ನಮ್ಮ ಕರಾವಳಿಯ ಬ್ಯಾಂಕುಗಳು ವರ್ಗಮಾಡಿ ಕಳಿಸಿದವರು ಇನ್ನು ಕೆಲವರು. ಕಾರ್ಖಾನೆಯ ವಸತಿಗೆ ಉಕ್ಕುನಗರಂ ಎಂದು ಹೆಸರಿಟ್ಟಾಗ ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಉಕ್ಕು ತೆಲುಗರಿಗೂ ಉಕ್ಕೇ, ನಮಗೂ ಉಕ್ಕೇ. (ನಮ್ಮನ್ನು ಇಲ್ಲಿಗೆ ಕಳಿಸಿದ ಬ್ಯಾಂಕುಗಳ ಪೈಕಿ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಮರುವರ್ಷ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದುವು. ಹೆಸರು ಅಳಿಯುವುದು ಅಂತರಜಾಲಕ್ಕೆ ಮಾತ್ರ ಅಂಟಿದ ಜಾಡ್ಯವಲ್ಲ.)

ಊರು ಬಿಟ್ಟು ಬಂದವರ ಟ್ರಂಕಿನಲ್ಲಿ ಒಂದು ಆಲ್ಬಂ ಇದ್ದೇ ಇರುತ್ತಿತ್ತು. ಕಪ್ಪು ಹಾಳೆ, ಚಿತ್ರದ ನಾಲ್ಕು ಮೂಲೆಗೆ ಅಂಟಿನ ತ್ರಿಕೋನ, ಹಾಳೆ ಹಾಳೆಯ ನಡುವೆ ಬೆಣ್ಣೆಕಾಗದ. ಹಾಸನದ ಸ್ಟುಡಿಯೋದಲ್ಲಿ ತೆಗೆಸಿದ ಮದುವೆಯ ಚಿತ್ರ, ಧಾರವಾಡದ ಶಾಲೆಯ ಗುಂಪುಚಿತ್ರ, ಹೊಸ ಮನೆಯ ಹೊಸ್ತಿಲಲ್ಲಿ ನಿಂತ ಹಿರಿಯರ ಚಿತ್ರ. ಇಲ್ಲಿ ಹುಟ್ಟಿದ ಮಕ್ಕಳಿಗೆ ಅಜ್ಜನ ಊರೆಂದರೆ ಬೇಸಗೆಯ ಹದಿನೈದು ದಿನ ಮತ್ತು ಈ ಆಲ್ಬಂ, ಎರಡೇ.

2014ರ ಅಕ್ಟೋಬರ್ 12, ಭಾನುವಾರ, ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ಬಳಿ ನೆಲಕ್ಕೆ ಬಂತು. ಗಾಳಿಯ ವೇಗ ಗಂಟೆಗೆ ಸುಮಾರು 180 ಕಿಲೋಮೀಟರು. ಬೀದಿಯ ಮರಗಳೆಲ್ಲ ಮಲಗಿದುವು, ದಿನಗಟ್ಟಲೆ ದೀಪವಿಲ್ಲ, ನೀರಿಲ್ಲ. ಕಿಟಕಿಯ ಗಾಜು ಒಡೆದ ಮನೆಗಳಲ್ಲಿ ಮಳೆ ಅಡ್ಡಡ್ಡವಾಗಿ ಒಳಕ್ಕೆ ಬಂತು. ಅಕ್ಕಿ, ಬೇಳೆ, ಹಾಸಿಗೆ ಇವುಗಳ ಪಾಡನ್ನು ಮೊದಲು ನೋಡಿದೆವು, ಅದು ಸಹಜ. ಆಲ್ಬಂಗಳ ನೆನಪಾಗುವ ಹೊತ್ತಿಗೆ ಮೂರನೆಯ ದಿನ. ಛಾಯಾಚಿತ್ರದ ಮೈಮೇಲೆ ಜಿಲಾಟಿನ್ ಎಂಬ ಸರೇಸಿನಂಥ ಲೇಪವಿರುತ್ತದೆ. ಚಿತ್ರ ನಿಲ್ಲುವುದು ಅದರಲ್ಲಿಯೇ. ನೀರು ತಾಗಿದರೆ ಅದು ಉಬ್ಬುತ್ತದೆ, ಒತ್ತಿನಲ್ಲಿರುವ ಚಿತ್ರಕ್ಕೆ ಹತ್ತಿಕೊಳ್ಳುತ್ತದೆ, ಹಾಗೆಯೇ ಒಣಗಿದರೆ ಬಿಡಿಸುವಾಗ ಒಂದರ ಮುಖ ಇನ್ನೊಂದರ ಬೆನ್ನಿಗೆ ಹೋಗುತ್ತದೆ. ಪ್ಲಾಸ್ಟಿಕ್ ಹೊದಿಕೆಯ, ಅಂಟುಹಾಳೆಯ ಆಲ್ಬಂಗಳ ಪಾಡಂತೂ ಹೇಳತಕ್ಕದ್ದಲ್ಲ. ಕೆಲವು ಮನೆಗಳಲ್ಲಿ ಒಂದು ತಲೆಮಾರು ಹಾಗೆಯೇ ಹೋಯಿತು.

ಉಳಿದವನ್ನಾದರೂ ಉಳಿಸೋಣವೆಂದು ಆ ಚಳಿಗಾಲದಲ್ಲಿ ನಾವು ಚಿತ್ರಗಳನ್ನು ಸ್ಕ್ಯಾನ್ ಮಾಡತೊಡಗಿದೆವು. ಹೊರದೇಶದಲ್ಲಿದ್ದ ಮಕ್ಕಳು ಈ ಸೇವೆಯನ್ನು ತೋರಿಸಿಕೊಟ್ಟರು. ಚಿತ್ರಗಳನ್ನು ಏರಿಸಬೇಕು, ಪುಟದ ಮೇಲೆ ಇಟ್ಟು, ಸರಿಸಿ, ಹಿಗ್ಗಿಸಿ, ಕೆಳಗೆ ಬೇಕಾದ ಮಾತು ಬರೆಯಬೇಕು, ಕೊನೆಗೆ ಗುಂಡಿ ಒತ್ತಿದರೆ ಕೆಲವು ವಾರಗಳಲ್ಲಿ ನಿಜವಾದ ಪುಸ್ತಕ, ಗಟ್ಟಿ ರಟ್ಟಿನದು, ಮಗಳ ಮನೆಗೆ ಬರುತ್ತದೆ, ಅಲ್ಲಿಂದ ಯಾರಾದರೂ ಬರುವವರ ಕೈಯಲ್ಲಿ ಗಾಜುವಾಕಕ್ಕೆ ಬರುತ್ತದೆ. ಒಂದೇ ಒಂದು ಪ್ರತಿಯಾದರೂ ಅಚ್ಚು ಮಾಡುತ್ತಿದ್ದರು. ಇದು ಸಣ್ಣ ಮಾತಲ್ಲ. ಹಿಂದೆ ಅಚ್ಚುಮನೆಗೆ ಹೋಗಿ ಒಂದು ಪ್ರತಿ ಬೇಕೆಂದರೆ ನಗುತ್ತಿದ್ದರು. ಮೊಳೆ ಜೋಡಿಸಿ ಯಂತ್ರ ಹೂಡುವ ಖರ್ಚಿಗೆ ಐನೂರು ಪ್ರತಿಯಾದರೂ ಬೇಡವೆ? ಗಣಕದಿಂದ ನೇರವಾಗಿ ಕಾಗದಕ್ಕೆ ಇಳಿಸುವ ಡಿಜಿಟಲ್ ಮುದ್ರಣ ಬಂದ ಮೇಲೆ ಆ ಲೆಕ್ಕವೇ ಬೇರೆಯಾಯಿತು. ಪ್ರತಿಯೊಂದು ಹಾಳೆಯೂ ಬೇರೆಯಾಗಿರಬಹುದು, ಪ್ರತಿಯೊಂದು ಪುಸ್ತಕವೂ ಒಂದೇ ಮನೆಗಾಗಿ ಹುಟ್ಟಬಹುದು.

ನಮಗೆ ಪುಸ್ತಕಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ಅದನ್ನು ಮಾಡುವ ಕೆಲಸ. ಕರ್ನಾಟಕದಲ್ಲಿ ಒಬ್ಬರು, ಇಲ್ಲಿ ಒಬ್ಬರು, ಸಮುದ್ರದಾಚೆ ಒಬ್ಬರು. ಭಾನುವಾರ ಸಂಜೆ ಎಲ್ಲರೂ ಪರದೆಯ ಮುಂದೆ ಕೂಡುವುದು. ನಮ್ಮ ನೆರೆಮನೆಯ ಅಜ್ಜಿಯೊಬ್ಬರು, ಹೊಳೆನರಸೀಪುರದ ಕಡೆಯವರು, ಚಿತ್ರ ನೋಡಿ ಮಾತು ಹೇಳುತ್ತಿದ್ದರು. ಮಗಳು ಬೆರಳಚ್ಚು ಮಾಡುತ್ತಿದ್ದಳು. ಅಜ್ಜಿ ಹೇಳಿದ್ದನ್ನು ಹೇಳಿದಂತೆಯೇ ಹಾಕಬೇಕೆಂದು ಕರಾರು. “ಇವಳು ನಮ್ಮ ಚಿಕ್ಕತ್ತೆ. ಕೊಡದ ನೀರಿನಲ್ಲಿ ಮುಖ ನೋಡಿಕೊಂಡು ಕುಂಕುಮ ಇಡುತ್ತಿದ್ದಳು.” “ಈ ಎಮ್ಮೆ ಚಿತ್ರದಲ್ಲಿ ಬರಬಾರದಿತ್ತು, ಬಂದುಬಿಟ್ಟಿತು. ಆದರೆ ಆ ವರ್ಷ ಮನೆ ನಡೆಸಿದ್ದು ಅದೇ.” “ಎಡಗಡೆ ನಿಂತವನು ಮಾತು ಬಿಟ್ಟಿದ್ದ. ಚಿತ್ರ ತೆಗೆಸುವುದಕ್ಕೆ ಮಾತ್ರ ಬಂದ.” ಅರವತ್ತು ಪುಟದ ಆ ಪುಸ್ತಕ ಬಂದಾಗ ನಾವೆಲ್ಲ ಸರದಿಯ ಮೇಲೆ ಓದಿದೆವು. ಮೊಮ್ಮಕ್ಕಳು ಶಾಲೆಯಲ್ಲಿ ತೆಲುಗು ಕಲಿತವರು. ಲಿಪಿಗಳ ನಂಟಸ್ತಿಕೆ ಇರುವುದರಿಂದ ಅಕ್ಷರ ಅಕ್ಷರ ಕೂಡಿಸಿ ಕನ್ನಡವನ್ನು ಓದಿಕೊಂಡರು. ಕನ್ನಡ ಪಾಠವೆಂದು ಕೂರಿಸಿದರೆ ಓಡಿಹೋಗುವ ಹುಡುಗರು ಎಮ್ಮೆಯ ಸಾಲನ್ನು ಬಾಯಿಪಾಠ ಮಾಡಿದರು.

ಹೀಗೆ ನಾಲ್ಕು ವರ್ಷ ನಡೆಯಿತು. ಆ ಮೇಲೆ ಓಲೆ ಬಂತು.

ನಮಗಾದುದು ಜಗತ್ತಿನಲ್ಲಿ ಅನೇಕರಿಗಾಗಿದೆ. ಆಪಲ್ ಸಂಸ್ಥೆ 2002ರ ಜನವರಿಯಲ್ಲಿ ಐಫೋಟೋ ಎಂಬ ತಂತ್ರಾಂಶವನ್ನು ಹೊರತಂದಾಗ ಅದರೊಳಗೇ ಪುಸ್ತಕ ಮಾಡಿಸುವ ಏರ್ಪಾಡನ್ನೂ ಇಟ್ಟಿತ್ತು; ಹದಿನಾರು ವರ್ಷ ನಡೆಸಿ, 2018ರ ಸೆಪ್ಟೆಂಬರ್ 30ಕ್ಕೆ ಕೊನೆಯ ಬೇಡಿಕೆ ಎಂದು ಹೇಳಿ ನಿಲ್ಲಿಸಿತು. ಚಿತ್ರವೆಂದರೆ ಕೊಡಕ್ ಎನ್ನುತ್ತಿದ್ದ ಕಾಲವೊಂದಿತ್ತಷ್ಟೆ. ಆ ಕೊಡಕ್ 2001ರಲ್ಲಿ ಓಫೋಟೋ ಎಂಬ ಜಾಲತಾಣವನ್ನು ಕೊಂಡು ಮುಂದೆ ಕೊಡಕ್ ಗ್ಯಾಲರಿ ಎಂದು ನಡೆಸಿತು. 2012ರ ಜನವರಿಯಲ್ಲಿ ಕಂಪನಿ ದಿವಾಳಿ ನ್ಯಾಯಾಲಯದ ಮೆಟ್ಟಿಲು ಹತ್ತಿತು, ಜುಲೈ 2ಕ್ಕೆ ಗ್ಯಾಲರಿ ಮುಚ್ಚಿತು, ಗ್ರಾಹಕರ ಚಿತ್ರಗಳು ಷಟರ್‌ಫ್ಲೈ ಎಂಬ ಇನ್ನೊಂದು ಕಂಪನಿಯ ಪಾಲಾದುವು. ಕೈಬದಲಾದ ಬೆಲೆ 2 ಕೋಟಿ 38 ಲಕ್ಷ ಡಾಲರು. ಅದೇ ಷಟರ್‌ಫ್ಲೈ 2013ರಲ್ಲಿ ಕೊಂಡ ಮೈಪಬ್ಲಿಷರ್ ಎಂಬ ಪುಸ್ತಕದಂಗಡಿ 2017ರಲ್ಲಿ ಮುಚ್ಚಿತು. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಹುಡುಗರೆಲ್ಲ ಮುಳುಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ನಿಂತಿತು. ಅಲ್ಲಿ ಇಟ್ಟ ಚಿತ್ರಗಳನ್ನು ತೆಗೆದುಕೊಳ್ಳಲು 2016ರ ಸೆಪ್ಟೆಂಬರ್‌ವರೆಗೆ ವ್ಯವಧಾನ ಕೊಟ್ಟರು. (ಸೆಪ್ಟೆಂಬರ್ 30ಕ್ಕೂ ಇಂಥ ಅಂಗಡಿಗಳಿಗೂ ಏನು ನಂಟೋ ತಿಳಿಯದು, ಪಿತೃಪಕ್ಷವೂ ಸುಮಾರಿಗೆ ಆಗಲೇ ಬರುತ್ತದೆ.)

ಏಕೆ ಮುಚ್ಚುತ್ತಾರೆ? ನಾವು ಬಲ್ಲಷ್ಟು ಹೇಳುತ್ತೇವೆ. ಇಂಥ ಪುಸ್ತಕ ದೊಡ್ಡ ಕಂಪನಿಯ ಮನೆಯಲ್ಲಿ ಮಲತಾಯಿಯ ಮಗು. ಅದರ ಲಾಭ ಅಲ್ಪ. ಕಾಗದ, ರಟ್ಟು, ಅಂಚೆ, ಬಣ್ಣ ಸರಿಬಾರದೆ ಹಿಂದಿರುಗುವ ಪ್ರತಿ, ಇವುಗಳ ತಾಪತ್ರಯ ಅಪಾರ. ಅಲ್ಲದೆ ಜನರ ಕೈಗೆ ಒಳ್ಳೆಯ ಕ್ಯಾಮರಾವುಳ್ಳ ಫೋನು ಬಂದಿತು. ಚಿತ್ರ ತೆಗೆಯುವುದು ನೂರ್ಮಡಿಯಾಯಿತು, ಕಾಗದಕ್ಕೆ ಇಳಿಸುವ ಅಭ್ಯಾಸ ಕ್ಷೀಣಿಸಿತು. ಲೆಕ್ಕದ ಪುಸ್ತಕ ನೋಡುವವರು ಯಾವುದನ್ನು ಮೊದಲು ಕತ್ತರಿಸುತ್ತಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇದರಲ್ಲಿ ದ್ರೋಹವೇನೂ ಇಲ್ಲ. ಆದರೆ ಒಂದು ವ್ಯತ್ಯಾಸ ನಮಗೆ ಕಾಣುತ್ತದೆ. ಪೊಲರಾಯ್ಡ್ ಕಂಪನಿ ತತ್‌ಕ್ಷಣ ಚಿತ್ರ ಕೊಡುವ ತನ್ನ ಫಿಲ್ಮನ್ನು ಇನ್ನು ಮಾಡುವುದಿಲ್ಲವೆಂದು 2008ರಲ್ಲಿ ಸಾರಿದಾಗ, ಹಾಲೆಂಡಿನ ಎನ್‌ಸ್ಕೆಡೆ ಎಂಬ ಊರಿನಲ್ಲಿದ್ದ ಕಾರ್ಖಾನೆಯ ಯಂತ್ರಗಳನ್ನು ಕೆಲವರು ಸೇರಿ ಉಳಿಸಿಕೊಂಡು 2010ರಲ್ಲಿ ಫಿಲ್ಮನ್ನು ಮತ್ತೆ ಮಾರಿದರು. ಅಲ್ಲಿ ಹಿಡಿದುಕೊಳ್ಳುವುದಕ್ಕೆ ಒಂದು ಯಂತ್ರವಿತ್ತು. ನಮ್ಮ ಸೇವೆಯಲ್ಲಿ ಹಿಡಿದುಕೊಳ್ಳತಕ್ಕದ್ದು ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಹೋದದ್ದಾದರೂ ಏನು ಎಂದು ಕೇಳುವವರುಂಟು. ಚಿತ್ರಗಳನ್ನು ಹಿಂದಕ್ಕೆ ಕೊಟ್ಟರಲ್ಲ? ಕೊಟ್ಟರು, ನಿಜ. ಸ್ಕ್ಯಾನ್ ಮಾಡಿದ ಮೂಲಗಳೂ ನಮ್ಮಲ್ಲಿಯೇ ಇದ್ದುವು. ಆದರೆ ಚಿತ್ರಗಳನ್ನು ಕೊಟ್ಟದ್ದು ಒಂದು ಚೀಲದಲ್ಲಿ ಸುರಿದಂತೆ. ಹೆಸರಿನ ಜಾಗದಲ್ಲಿ ಸಂಖ್ಯೆ, ಹಿಂದು ಮುಂದು ಇಲ್ಲ. ಯಾವ ಚಿತ್ರದ ಎದುರಿಗೆ ಯಾವುದನ್ನು ಇಟ್ಟಿದ್ದೆವು, ಯಾವುದನ್ನು ದೊಡ್ಡದಾಗಿ ಮಾಡಿದ್ದೆವು, ಯಾವ ಪುಟವನ್ನು ಬೇಕೆಂದೇ ಖಾಲಿ ಬಿಟ್ಟಿದ್ದೆವು, ಇದಾವುದೂ ಬರಲಿಲ್ಲ. ಅಜ್ಜಿಯ ಮಾತುಗಳೂ ಬರಲಿಲ್ಲ. ಅವು ಆ ಸೇವೆಯ ತಂತ್ರಾಂಶದೊಳಗೆ ಮಾತ್ರ ಇದ್ದುವು, ಅದರೊಡನೆ ಹೋದುವು. ಹೂವು ಕೈಗೆ ಬಂತು, ಮಾಲೆ ಬರಲಿಲ್ಲ.

ಅಜ್ಜಿ 2019ರಲ್ಲಿ ತೀರಿಕೊಂಡರು. ಪುಸ್ತಕ ದುಬಾರಿಯಾದುದರಿಂದ ಆ ಮನೆಯವರು ತರಿಸಿದ್ದು ಒಂದೇ ಪ್ರತಿ. ಬೇಕಾದಾಗ ಇನ್ನೊಂದನ್ನು ತರಿಸಬಹುದೆಂಬುದೇ ಆ ಸೇವೆಯ ಆಕರ್ಷಣೆಯಾಗಿತ್ತಲ್ಲವೆ? ಮಕ್ಕಳು ಮೂವರು: ಮಗ ಗಾಜುವಾಕದಲ್ಲಿ, ಹಿರಿಯ ಮಗಳು ಹೊರದೇಶದಲ್ಲಿ, ಕಿರಿಯವಳು ಮೈಸೂರಿನಲ್ಲಿ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಮೈಸೂರಿನವಳು ಪುಸ್ತಕವನ್ನು ಕೇಳಿದಳು. ಅಣ್ಣ ಒಲ್ಲೆನೆಂದ. ಬಂಗಾರದ ವಿಷಯದಲ್ಲಿ, ಊರಿನ ಅರ್ಧ ಎಕರೆಯ ವಿಷಯದಲ್ಲಿ ಒಂದು ಮಾತೂ ಆಡದವರು ಈ ಪುಸ್ತಕಕ್ಕಾಗಿ ಮಾತು ಬಿಟ್ಟರು. “ಅಮ್ಮನ ಮಾತನ್ನು ಬೆರಳಚ್ಚು ಮಾಡಿದವಳು ನಾನು” ಎಂದು ಹಿರಿಯವಳು. “ಅಮ್ಮನನ್ನು ನೋಡಿಕೊಂಡವನು ನಾನು” ಎಂದು ಅಣ್ಣ. “ಪುಸ್ತಕದಲ್ಲಿರುವ ಮನೆಯಲ್ಲಿ ಕೊನೆಯವರೆಗೆ ಇದ್ದವಳು ನಾನು” ಎಂದು ಕಿರಿಯವಳು. ಮೂರೂ ನಿಜ. ಎರಡು ದೀಪಾವಳಿಗಳಲ್ಲಿ ಆ ಮನೆಯ ದೂರವಾಣಿ ಬಾರಿಸಲಿಲ್ಲ. ನೆರೆಯವರಾದ ನಾವು ನಡುವೆ ಹೋದದ್ದು ಪಂಚಾಯಿತಿಗೆಂದಲ್ಲ, ಪುಸ್ತಕವನ್ನು ಮತ್ತೆ ಮಾಡಬಹುದೇ ನೋಡೋಣವೆಂದು.

ಮಾಡಬಹುದು. ಹೇಗೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ. ಇತರ ಮನೆಗಳಿಗೂ ಉಪಯೋಗವಾದೀತು.

ಅಚ್ಚಾದ ಪುಸ್ತಕದ ಪುಟಗಳನ್ನು ಫೋನಿನಲ್ಲಿ ಹಿಡಿದು ಹಾಗೆಯೇ ಮತ್ತೆ ಅಚ್ಚುಹಾಕಿದರೆ ಚೆನ್ನಾಗಿ ಬರುವುದಿಲ್ಲ. ಅಚ್ಚಾದ ಚಿತ್ರವೆಂದರೆ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳ ರಾಶಿ; ಅದರ ಮೇಲೆ ಇನ್ನೊಮ್ಮೆ ಚುಕ್ಕೆ ಹಾಕಿದರೆ ಮುಖದ ಮೇಲೆ ಜಾಲರಿ ಎಳೆದಂತಾಗುತ್ತದೆ. ಆದ್ದರಿಂದ ಚಿತ್ರಕ್ಕೆ ಮೂಲ ಕಡತಗಳನ್ನೇ ಹಿಡಿಯಬೇಕು. ಪುಸ್ತಕವನ್ನು ಕ್ರಮಕ್ಕೂ ಮಾತಿಗೂ ಮಾತ್ರ ನೋಡಬೇಕು. ಪುಟಗಳ ಪ್ರತಿಯನ್ನು ಕಿಟಕಿಯ ಬೆಳಕಿನಲ್ಲಿ ತೆಗೆದೆವು, ಮಿಂಚುದೀಪ ಉರಿಸದೆ. ಹೊಳಪಿನ ಕಾಗದದ ಮೇಲೆ ದೀಪ ಬಿದ್ದರೆ ಅಕ್ಷರವೇ ಕಾಣದು. ಹಿಂದಿನ ಪುಟ ಮಸಕಾಗಿ ತೋರದಂತೆ ಹಾಳೆಯ ಹಿಂದೆ ಕರಿಯ ಕಾಗದ ಇಟ್ಟೆವು. ಅರವತ್ತು ಪುಟಕ್ಕೆ ಒಂದು ಬೆಳಗಿನ ಹೊತ್ತು ಹಿಡಿಯಿತು. ಬಳಿಕ ಚಿತ್ರಗಳನ್ನು ಹೊಂದಿಸಿದೆವು. ಅಂಗುಲಕ್ಕೆ 300 ಚುಕ್ಕೆಯೆಂಬುದು ಅಚ್ಚಿನ ಲೆಕ್ಕ. ಎಂದರೆ ಎಂಟು ಅಂಗುಲ ಅಗಲದ ಚಿತ್ರಕ್ಕೆ 2400 ಚುಕ್ಕೆ ಬೇಕು. ಹುದ್‌ಹುದ್‌ನ ಮೇಲೆ ಅವಸರದಲ್ಲಿ ಸ್ಕ್ಯಾನ್ ಮಾಡಿದ ಕೆಲವು ಚಿತ್ರಗಳಿಗೆ ಅಷ್ಟು ಇರಲಿಲ್ಲ, ಅವನ್ನು ಚಿಕ್ಕದಾಗಿಯೇ ಬಿಟ್ಟೆವು.

ಅಚ್ಚುಹಾಕಿಸಲು ದೂರ ಹೋಗಬೇಕಾಗಲಿಲ್ಲ. ನಮ್ಮ ಬೀದಿಗಳಲ್ಲಿ ಮದುವೆಯ ಆಲ್ಬಂ ಮಾಡುವವರಿದ್ದಾರೆ. ಜನ ಅದನ್ನು ಕರಿಜ್ಮಾ ಆಲ್ಬಂ ಎನ್ನುತ್ತಾರೆ, ಹಲಗೆಯಂಥ ದಪ್ಪ ಹಾಳೆ, ಮುತ್ತು ಹೊದಿಸಿದ ಪೆಟ್ಟಿಗೆ. ನಮಗೆ ಮುತ್ತು ಬೇಡ, ತೆಳುವಾದ ಹಾಳೆ ಸಾಕು ಎಂದು ಒಪ್ಪಿಸುವುದೇ ಒಂದು ಕಾರ್ಯವಾಯಿತು. ಅದಕ್ಕಿಂತ ದೊಡ್ಡದು ಅಕ್ಷರದ ಕಾರ್ಯ. ಅಂಗಡಿಯ ಹುಡುಗ ತೆಲುಗಿನವನು, ಬುದ್ಧಿವಂತ. ಅವನ ಗಣಕದಲ್ಲಿ ತೆಲುಗಿಗೆ ಅನು ಎಂಬ ಹಳೆಯ ಅಕ್ಷರಮಾಲೆ. ನಮ್ಮದು ಯೂನಿಕೋಡ್ ಕನ್ನಡ. ಮೊದಲ ಕರಡಿನಲ್ಲಿ ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಬಿದ್ದಿದ್ದುವು: “ಚಿಕ್ಕತ್ತೆ” “ಚಿಕ್‌ಕತ್‌ತೆ” ಆಗಿ ಕುಂಟುತ್ತಿತ್ತು. ಫೋಟೋಷಾಪಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಜೋಡಣೆಗೆ ಬೇರೆಯೇ ಆಯ್ಕೆಯಿದೆ, ಅದನ್ನು ಒತ್ತಿಕೊಂಡರೆ ಅಕ್ಷರ ಸರಿಗೂಡುತ್ತದೆ. ಅದು ತಿಳಿಯಲು ಒಂದು ವಾರ. ಎರಡನೆಯ ಕರಡಿನಲ್ಲಿ ಹುಡುಗ ನಮಗೆ ಉಪಕಾರ ಮಾಡಲೆಂದು ಕೆಲವು ಅಕ್ಷರಗಳನ್ನು ತಾನೇ ತಿದ್ದಿದ್ದ. ಅವನ ಕಣ್ಣಿಗೆ ನಮ್ಮ ಕ, ತ ಮುಂತಾದುವು ತಪ್ಪಾಗಿ ಬರೆದ ತೆಲುಗಿನಂತೆ ಕಂಡಿದ್ದುವು. ತೆಲುಗಿನ ತಲೆಕಟ್ಟು ಗರಿಯಂತೆ ಮೇಲಕ್ಕೆ ಚಿಮ್ಮುತ್ತದೆ, ನಮ್ಮದು ಮಲಗುತ್ತದೆ. ನಾವು ತೋರಿಸಿದಾಗ ಅವನೂ ನಕ್ಕ, ನಾವೂ ನಕ್ಕೆವು. ಮೂರನೆಯ ಕರಡನ್ನು ಅವನೇ ಗಟ್ಟಿಯಾಗಿ ಓದಿ ಒಪ್ಪಿಸಿದ. ಎಮ್ಮೆಯ ಸಾಲಿಗೆ ಬಂದಾಗ “ಮಾ ಊಳ್ಳೋ ಕೂಡಾ ಅಂತೇ” ಎಂದ, ನಮ್ಮ ಊರಿನಲ್ಲೂ ಹಾಗೆಯೇ ಎಂದು.

ನಾಲ್ಕು ಪ್ರತಿ ಮಾಡಿಸಿದೆವು. ಮೊದಲಿನ ಪುಸ್ತಕದಷ್ಟು ಅಂದವಾಗಿ ಬಂದಿದೆಯೇ ಎಂದರೆ ಇಲ್ಲ. ಕಪ್ಪು ಬಣ್ಣ ಸ್ವಲ್ಪ ಹಸುರಿಗೆ ತಿರುಗಿದೆ, ಬೆನ್ನಿನ ಹೊಲಿಗೆಯ ಬದಲು ಅಂಟು. ಹಳೆಯ ಸೇವೆಯ ಕಾಗದದ ನಯ ನಮ್ಮ ಬೆರಳಿಗೆ ಇನ್ನೂ ನೆನಪಿದೆ; ಅದರ ಬದಲಿಗೆ ಬಂದ ಬೇರೆ ಸೇವೆಗಳನ್ನೂ ಕೆಲವರು ನೋಡಿದರು, ಯಾವುದೂ ಆ ಹದಕ್ಕೆ ಬರಲಿಲ್ಲವೆಂದು ಬಿಟ್ಟರು. ಆದರೆ ಪಿಡಿಎಫ್ ರೂಪದ ಕಡತ ಈಗ ಮೂರು ಮನೆಯಲ್ಲೂ ಇದೆ. ಮಾತು, ಕ್ರಮ, ಖಾಲಿ ಪುಟ ಎಲ್ಲವೂ ಅದರೊಳಗೆ. ಯಾವ ಊರಿನ ಅಚ್ಚುಮನೆಯಾದರೂ ಅದನ್ನು ಅಚ್ಚುಹಾಕಬಲ್ಲುದು. ಮೈಸೂರಿಗೆ ಪುಸ್ತಕ ತಲುಪಿದ ರಾತ್ರಿ ತಂಗಿ ಅಣ್ಣನಿಗೆ ದೂರವಾಣಿ ಮಾಡಿದಳು. ಹೇಳಿದ್ದೇನೆಂದರೆ, ಹದಿನೇಳನೆಯ ಪುಟದಲ್ಲಿ ಒಂದು ಕಾಗುಣಿತ ತಪ್ಪಿದೆ ಎಂದು. ಮೂಲ ಪುಸ್ತಕದಲ್ಲಿಯೂ ಆ ತಪ್ಪು ಇತ್ತೆಂದೂ, ಅಮ್ಮ ಹಾಗೆಯೇ ಉಚ್ಚರಿಸುತ್ತಿದ್ದಳೆಂದೂ ಹಿರಿಯವಳ ವಾದ. ಈ ಜಗಳ ಇನ್ನೂ ನಡೆದಿದೆ. ವಾರಕ್ಕೊಮ್ಮೆ ತಪ್ಪದೆ ಮಾತಾಡುತ್ತಾರೆ.

ಈ ಅನುಭವ ವಿಜಯವಾಡದ ಸ್ನೇಹಿತರಿಗೂ ಒದಗಿತು. 2024ರ ಆಗಸ್ಟ್ ಕೊನೆಯ ದಿನಗಳ ಮಳೆಗೆ ಬುಡಮೇರು ಉಕ್ಕಿ ಸಿಂಗ್ ನಗರದ ಕಡೆಯ ಮನೆಗಳಲ್ಲಿ ದಿನಗಟ್ಟಲೆ ನೀರು ನಿಂತಿತು. ನಮ್ಮ ಬಳಗದ ಒಂದು ಮನೆಯಲ್ಲಿ ಮೇಜಿನ ಕೆಳಗಿನ ಖಾನೆ ಪೂರ್ತಿ ಮುಳುಗಿ, ಅದೇ ಹಳೆಯ ಸೇವೆಯಿಂದ ತರಿಸಿದ್ದ ಎರಡು ಪುಸ್ತಕಗಳು ಊದಿಕೊಂಡುವು. ಅವರು ದೂರವಾಣಿಯಲ್ಲಿ ಕೇಳಿದಾಗ ನಾವು ಹೇಳಿದ್ದಿಷ್ಟು: ಬಿಸಿಲಿಗೆ ಇಡಬೇಡಿ, ನೆರಳಿನಲ್ಲಿ ಗಾಳಿಯಾಡಲಿ, ಹಾಳೆಗಳ ನಡುವೆ ಅಚ್ಚಿಲ್ಲದ ಬಿಳಿಯ ಕಾಗದ ಇಡಿ, ಒದ್ದೆಯಾದಂತೆ ಬದಲಿಸಿ, ಅಂಟಿದ ಹಾಳೆಗಳನ್ನು ಎಳೆಯಬೇಡಿ. ಬಿಡಿಚಿತ್ರಗಳು ಹತ್ತಿಕೊಂಡಿದ್ದರೆ ತಣ್ಣನೆಯ ತಿಳಿನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ತಾವಾಗಿ ಸಡಿಲವಾದ ಮೇಲೆ ಮುಖ ಮೇಲಾಗಿ ಒಣಗಿಸಿ. ಒಂದು ಪುಸ್ತಕ ಓದುವ ಮಟ್ಟಿಗೆ ಉಳಿದಿದೆ. ಇನ್ನೊಂದರ ಹನ್ನೆರಡು ಪುಟ ಹೋಗಿವೆ. ಅದರ ಮತ್ತೊಂದು ಪ್ರತಿ ಬಳ್ಳಾರಿಯ ನಂಟರ ಮನೆಯಲ್ಲಿದೆಯೆಂದು ತಿಳಿದು ಪುಟಗಳ ಪ್ರತಿಯನ್ನು ತರಿಸಿದ್ದೇವೆ.

ಅಂತೂ ಇಂಥ ಪುಸ್ತಕಗಳು ನಮ್ಮ ಸದಸ್ಯರ ಮನೆಗಳಲ್ಲಿ ಇನ್ನೂ ಇರಬೇಕು. ಹಲವು ಒಂದೇ ಪ್ರತಿಯವು. ಬರುವ ರಾಜ್ಯೋತ್ಸವದ ದಿನ ಅವುಗಳನ್ನು ಒಂದು ಶುಭ್ರವಾದ ಬಟ್ಟೆಯಲ್ಲಿ ಸುತ್ತಿ ತನ್ನಿ. ಸಭಾಂಗಣದ ಪೂರ್ವದ ಕಿಟಕಿಯ ಬಳಿ ಎರಡು ಮೇಜು ಹಾಕಿರುತ್ತೇವೆ. ಬೆಳಗಿನ ಹತ್ತರಿಂದ ಹನ್ನೆರಡರವರೆಗೆ ಅಲ್ಲಿ ಬೆಳಕು ಚೆನ್ನಾಗಿರುತ್ತದೆ. ಚಿತ್ರದಲ್ಲಿರುವವರ ಹೆಸರು ಬಲ್ಲ ಹಿರಿಯರನ್ನೂ ಕರೆತನ್ನಿ. ಬೆರಳಚ್ಚು ಮಾಡಲು ಇಬ್ಬರು ಹುಡುಗರು ಇರುತ್ತಾರೆ, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳುತ್ತಾರೆ. ಊಟ ಒಂದು ಗಂಟೆಗೆ.